ಓಡಲು ಶುರುಮಾಡಿದವರ ಕಾಲುನೋವು ಮತ್ತು ಶೂ ಆಯ್ಕೆ

ಪಿಯುಸಿ ಮುಗಿದ ಮೇಲೆ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಬೇಕೆಂದುಕೊಂಡವರು ನಮ್ಮ ಕ್ಲಾಸುಗಳಲ್ಲಿ ಕೆಲವರಾದರೂ ಇದ್ದಾರೆ. ನಮ್ಮ ರಾಜ್ಯದ ಆ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಹುಡುಗಿಯರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಲಿಖಿತ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿದ್ದರೂ ಇಲ್ಲಿ ಫೇಲಾದರೆ ಮುಗಿಯಿತು. ಹಾಗಾಗಿ ದಿನಾಂಕ ಹತ್ತಿರ ಬಂದಾಗ ಎಲ್ಲರೂ ಒಮ್ಮೆಲೇ ಮೈದಾನಕ್ಕೆ ಇಳಿಯುತ್ತಾರೆ. ಮೊದಲ ದಿನವೇ ಮೂರು ಕಿಲೋಮೀಟರ್, ವಾರದಲ್ಲಿ ಒಂದು ದಿನವೂ ಬಿಡುವಿಲ್ಲ. ಮೂರನೆಯ ವಾರದ ಹೊತ್ತಿಗೆ ಮೊಣಕಾಲಿನ ಕೆಳಗೆ ನೋವು ಶುರುವಾಗುತ್ತದೆ.

ಈ ನೋವು ಯಾವುದೆಂದು ಮೊದಲು ಗುರುತಿಸಬೇಕು. ಮನೆಯಲ್ಲಿ ಉರ್ದು ಮಾತಾಡುವ ನಾವು ಕಾಲಿನ ಈ ಭಾಗದ ಯಾವ ನೋವನ್ನೂ ‘ಪಿಂಡ್ಲಿ’ ನೋವು ಎಂದುಬಿಡುತ್ತೇವೆ. ಆದರೆ ಪಿಂಡ್ಲಿ ಎಂದರೆ ಹಿಂದಿನ ಮೀನಖಂಡ. ನಾನು ಹೇಳುತ್ತಿರುವುದು ಮುಂದಿನ ಎಲುಬಿನ ನೋವು. ಆ ಎಲುಬಿನ ಹೆಸರು ಟಿಬಿಯಾ. ಅದರ ಒಳಅಂಚಿನಲ್ಲಿ, ಮಧ್ಯದಿಂದ ಕೆಳಗೆ, ಒಂದು ಗೇಣಿನಷ್ಟು ಉದ್ದಕ್ಕೆ ಒತ್ತಿದರೆ ನೋಯುತ್ತದೆ. ಇದನ್ನು ಶಿನ್ ಸ್ಪ್ಲಿಂಟ್ಸ್ ಎನ್ನುತ್ತಾರೆ.

ಇದು ಏಕೆ ಮೂರು ನಾಲ್ಕನೆಯ ವಾರದಲ್ಲೇ ಬರುತ್ತದೆ ಎಂಬುದು ಗಮನಿಸಬೇಕಾದ ವಿಷಯ. ಎಲುಬು ಕಲ್ಲಿನಂತೆ ಸತ್ತ ವಸ್ತುವಲ್ಲ. ಹೊಸ ಭಾರ ಬಿದ್ದಾಗ ದೇಹವು ಮೊದಲು ಅಲ್ಲಿನ ಹಳೆಯ ಎಲುಬನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ, ಆಮೇಲೆ ಗಟ್ಟಿಯಾದ ಹೊಸದನ್ನು ಕಟ್ಟುತ್ತದೆ. ಕರಗಿಸುವ ಕೆಲಸ ಬೇಗ, ಕಟ್ಟುವ ಕೆಲಸ ನಿಧಾನ. ಅದಕ್ಕೆ ತಿಂಗಳುಗಳೇ ಬೇಕು. ಉಸಿರಾಟ ಮತ್ತು ಸ್ನಾಯು ಮಾತ್ರ ಎರಡು ಮೂರು ವಾರದಲ್ಲೇ ಸುಧಾರಿಸುತ್ತವೆ. ಅಂದರೆ ದಮ್ಮು ‘ಇನ್ನೂ ಓಡು’ ಎನ್ನುವ ಹೊತ್ತಿಗೆ ಎಲುಬು ರಿಪೇರಿಯ ನಡುವೆ ಇರುತ್ತದೆ. ಮನೆಯ ಹಳೆ ಗೋಡೆ ಕೆಡವಿ ಹೊಸದನ್ನು ಇನ್ನೂ ಕಟ್ಟದಿರುವಾಗ ಮೇಲೆ ಸಾಮಾನು ಹೇರಿದಂತೆ.

ಆಗಲೂ ನಿಲ್ಲಿಸದೆ ಓಡಿದರೆ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬರಬಹುದು. ಇದನ್ನು ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಇದರ ಗುರುತು ಬೇರೆ: ನೋವು ಉದ್ದಕ್ಕೆ ಹರಡಿರುವುದಿಲ್ಲ, ಒಂದೇ ಬೆರಳಿನಲ್ಲಿ ತೋರಿಸಬಹುದಾದ ಒಂದೇ ಜಾಗದಲ್ಲಿರುತ್ತದೆ. ನಡೆಯುವಾಗಲೂ, ರಾತ್ರಿ ಮಲಗಿದಾಗಲೂ ನೋಯುತ್ತದೆ. ಹೀಗಿದ್ದರೆ ಮೂಳೆ ಡಾಕ್ಟರಿಗೆ ತೋರಿಸಲೇಬೇಕು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು, ಆದ್ದರಿಂದ ಎಕ್ಸ್‌ರೇ ನಾರ್ಮಲ್ ಬಂತೆಂದು ಮತ್ತೆ ಓಡಲು ಹೋಗಬಾರದು. ನೋವಿನ ಮಾತ್ರೆ ನುಂಗಿ ಓಡುವುದಂತೂ ಅತ್ಯಂತ ಕೆಟ್ಟ ಉಪಾಯ. ಪಾದ ಜೋಮು ಹಿಡಿದರೆ, ಓಡುವಾಗ ಕಾಲು ಬಿಗಿದು ಕಟ್ಟಿದಂತಾದರೆ ಅದೂ ಬೇರೆ ತೊಂದರೆಯೇ, ಡಾಕ್ಟರೇ ನೋಡಬೇಕು.

ತಡೆಯುವ ದಾರಿ ಸುಲಭ, ಆದರೆ ಬೇಗ ಶುರುಮಾಡಿರಬೇಕು. ಪರೀಕ್ಷೆಗೆ ಮೂರು ನಾಲ್ಕು ತಿಂಗಳಿರುವಾಗಲೇ ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ, ಇಪ್ಪತ್ತು ನಿಮಿಷ ಸಾಕು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಎರಡು ವಾರ ನೋವಿಲ್ಲದೆ ಆದರೆ ಓಟವನ್ನು ಎರಡು ನಿಮಿಷ ಮಾಡಿ, ಹೀಗೇ ಮುಂದೆ. ವೇಗದ ಚಿಂತೆ ಕೊನೆಗಿರಲಿ. 6 ನಿಮಿಷ 30 ಸೆಕೆಂಡ್ ಎಂದರೆ 400 ಮೀಟರಿಗೆ ಸುಮಾರು 97 ಸೆಕೆಂಡ್. ನಿಲ್ಲದೆ ಇಪ್ಪತ್ತು ನಿಮಿಷ ಓಡಲು ಬಂದ ಮೇಲೆ ವಾರಕ್ಕೆ ಒಂದು ದಿನ ಆ ವೇಗವನ್ನು ಅಭ್ಯಾಸ ಮಾಡಿದರಾಯಿತು.

ಓಡುವಾಗ ಕಾಲನ್ನು ದೂರಕ್ಕೆ ಚಾಚಿ ಹಿಮ್ಮಡಿ ಕುಟ್ಟಬೇಡಿ. ಹೆಜ್ಜೆ ಚಿಕ್ಕದಾಗಿರಲಿ, ಚುರುಕಾಗಿರಲಿ. ಸಿಮೆಂಟು ರಸ್ತೆಗಿಂತ ಮಣ್ಣಿನ ಮೈದಾನ ಮೇಲು. ಆದರೆ ಅದರಲ್ಲೂ ದಿನಾ ಒಂದೇ ದಿಕ್ಕಿನಲ್ಲಿ ಸುತ್ತು ಹಾಕಬೇಡಿ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ, ಹದಿನೈದರಂತೆ ಮೂರು ಸಲ, ಮೀನಖಂಡವನ್ನು ಗಟ್ಟಿಮಾಡುತ್ತದೆ. ರಂಜಾನಿನಲ್ಲಿ ಓಟ ಕಡಿಮೆಯಾಗುವುದು ಸಹಜ. ಈದ್ ಆದ ಮೇಲೆ ಮಾತ್ರ ನಿಲ್ಲಿಸಿದಲ್ಲಿಂದಲೇ ಶುರುಮಾಡದೆ ಒಂದೆರಡು ಮೆಟ್ಟಿಲು ಕೆಳಗಿನಿಂದ ಶುರುಮಾಡಬೇಕು.

ಇನ್ನು ಶೂ. ಒಳ್ಳೆಯ ಶೂ ಹಾಕಿದರೆ ನೋವೇ ಬರುವುದಿಲ್ಲ ಎಂಬುದು ಅಂಗಡಿಯವರ ಮಾತು. ಅಮೆರಿಕದ ಸೇನೆಯಲ್ಲಿ ಹೊಸದಾಗಿ ಸೇರಿದವರಿಗೆ ಪಾದದ ಕಮಾನು ನೋಡಿ ಅದಕ್ಕೆ ತಕ್ಕ ಶೂ ಕೊಟ್ಟು ಪರೀಕ್ಷಿಸಿದ್ದಾರೆ. ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟಾಗಿನದಕ್ಕಿಂತ ಗಾಯಗಳು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಆದ್ದರಿಂದ ದುಬಾರಿ ಶೂ ಬೇಕಿಲ್ಲ, ಕಾಲಿಗೆ ಹಿತವಾಗಿರುವುದು ಬೇಕು. ಯೂನಿಫಾರ್ಮಿನ ಬಿಳಿ ಕ್ಯಾನ್ವಾಸ್ ಶೂಗೆ ಅಡಿ ತೆಳುವು. ಫುಟ್‌ಬಾಲ್ ಸ್ಟಡ್ ರಸ್ತೆಗಲ್ಲ. ದೊಡ್ಡ ಕಂಪನಿಯ ಗುರುತು ಹಾಕಿದ ನಕಲಿ ಶೂಗಳು ನೋಡಲು ಮಾತ್ರ ಚೆಂದ.

ಅಂಗಡಿಗೆ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸ್ ತೊಟ್ಟೇ ಅಳತೆ ನೋಡಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗವಿರಬೇಕು, ಹಿಮ್ಮಡಿ ಜಾರಬಾರದು. ಶೂವನ್ನು ಕೈಯಲ್ಲಿ ಬಗ್ಗಿಸಿದರೆ ಬೆರಳುಗಳ ಬುಡದ ಹತ್ತಿರ ಬಾಗಬೇಕು, ನಡುವೆ ಮಡಚಿಕೊಂಡರೆ ಅದು ಬೇಡ. ನಾಲ್ಕು ಹೆಜ್ಜೆ ಓಡಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಎಂಬ ಮಾತನ್ನೂ ನಂಬಬೇಡಿ.

ನಾವು ಕಾಮರ್ಸಿನವರಿಗೆ ಸವಕಳಿ ಗೊತ್ತೇ ಇದೆ. ಶೂವಿನ ಸವಕಳಿಯನ್ನು ವರ್ಷದಲ್ಲಲ್ಲ, ಕಿಲೋಮೀಟರಿನಲ್ಲಿ ಎಣಿಸಬೇಕು. ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ ಎನ್ನುತ್ತಾರೆ. 1,800 ರೂಪಾಯಿಯ ಶೂ 600 ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ 3 ರೂಪಾಯಿ. ವಾರಕ್ಕೆ 15 ಕಿಲೋಮೀಟರ್ ಓಡುವವರಿಗೆ 40 ವಾರ. ಅದನ್ನೇ ಕಾಲೇಜಿಗೂ ಪೇಟೆಗೂ ಹಾಕಿಕೊಂಡು ತಿರುಗಿದರೆ ಈ ಲೆಕ್ಕ ಕೆಡುತ್ತದೆ. ಮೇಲೆ ಹೊಸದರಂತೆ ಕಂಡರೂ ಒಳಗಿನ ಮೆತ್ತೆ ಕುಗ್ಗಿರುತ್ತದೆ, ಆದ್ದರಿಂದ ಕೊಂಡ ದಿನಾಂಕವನ್ನು ಶೂವಿನ ನಾಲಿಗೆಯ ಒಳಬದಿಯಲ್ಲಿ ಪೆನ್ನಿನಿಂದ ಬರೆದಿಟ್ಟುಕೊಳ್ಳಿ.