ಕೀಬೋರ್ಡ್ ಕೊಳ್ಳುವ ಮುನ್ನ

ಪ್ರಶ್ನೆ: ಡಿಟಿಪಿ ಮಾಡುತ್ತೇನೆ, ದಿನವಿಡೀ ‘ನುಡಿ’ ತಂತ್ರಾಂಶದಲ್ಲೇ ಟೈಪಿಂಗ್. ಸಂಜೆಯಾದರೆ ಎಡಗೈ ಕಿರುಬೆರಳು, ಮಣಿಕಟ್ಟು ನೋಯುತ್ತವೆ. ದುಬಾರಿ ಕೀಬೋರ್ಡ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಮೊದಲು ಆ ಕಿರುಬೆರಳಿನ ಕೆಲಸ ಗಮನಿಸಿ. ನುಡಿಯಲ್ಲಿ ದೀರ್ಘಸ್ವರ, ಮಹಾಪ್ರಾಣ, ಣ, ಳ ಎಲ್ಲಕ್ಕೂ ಶಿಫ್ಟ್ ಬೇಕು. ‘ಬೆಳ್ಳುಳ್ಳಿ’ ಒಂದಕ್ಕೇ ನಾಲ್ಕು ಸಲ! ಬಹಳ ಜನ ಎಡಗಡೆಯ ಶಿಫ್ಟನ್ನೇ ನೆಚ್ಚಿಕೊಂಡಿರುತ್ತಾರೆ. ‘ಆ’ ಹೊಡೆಯುವಾಗ ಶಿಫ್ಟೂ ಅಕ್ಷರವೂ ಎಡಗೈಗೇ ಬಿದ್ದು ಮಣಿಕಟ್ಟು ತಿರುಚುತ್ತದೆ. ಎಡಗೈ ಅಕ್ಷರಕ್ಕೆ ಬಲಗಡೆಯ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡಗಡೆಯದು ಎಂದು ರೂಢಿಸಿಕೊಳ್ಳಿ. ವಿಂಡೋಸ್‌ನಲ್ಲಿ ಶಿಫ್ಟ್ 5 ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಆಯ್ಕೆ ಬರುತ್ತದೆ. ಅದಿದ್ದರೆ ಶಿಫ್ಟ್ ಹಿಡಿದುಕೊಂಡಿರಬೇಕಿಲ್ಲ, ಒತ್ತಿ ಬಿಟ್ಟರೆ ಸಾಕು.

ಕೀಬೋರ್ಡಿನ ಹಿಂದಿನ ಕಾಲುಗಳನ್ನು ಮಡಚಿಬಿಡಿ. ಎತ್ತರಿಸಿದಷ್ಟೂ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ಮೊಣಕೈ ಮಟ್ಟದಲ್ಲೇ ಕೀಲಿಗಳಿರಲಿ. ಟೈಪ್ ಮಾಡುವಾಗ ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಬೇಡಿ. ಕೀಲಿಯನ್ನು ಗುದ್ದಬೇಡಿ, ಮೆಲ್ಲಗೆ ಒತ್ತಿ. ಅರ್ಧ ಗಂಟೆಗೊಮ್ಮೆ ಕೈಗೆ ಬಿಡುವು ಕೊಡಿ.

ಇಷ್ಟಾದ ಮೇಲೂ ಕೊಳ್ಳುವುದಾದರೆ ಹಗುರ ಕೀಲಿಗಳ, ನಂಬರ್ ಪ್ಯಾಡ್ ಇಲ್ಲದ ಕೀಬೋರ್ಡ್ ನೋಡಿ. ಮೌಸ್ ಹತ್ತಿರಕ್ಕೆ ಬಂದು ಬಲಭುಜಕ್ಕೆ ಆರಾಮ. ಎರಡು ಹೋಳಿನ ಕೀಬೋರ್ಡ್ ಮಣಿಕಟ್ಟನ್ನು ನೇರವಾಗಿಡುತ್ತದೆ, ಆದರೆ ಬೆಲೆ ಹೆಚ್ಚು, ಕೈಗೆ ಒಗ್ಗಲು ಕೆಲವು ವಾರ ಬೇಕು.

ರಾತ್ರಿ ಬೆರಳು ಜೋಮು ಹಿಡಿದರೆ, ಹಿಡಿದ ವಸ್ತು ಜಾರಿದರೆ ತಡಮಾಡದೆ ಮೂಳೆತಜ್ಞರನ್ನೋ ನರತಜ್ಞರನ್ನೋ ಕಾಣಿ. ನರ ಒತ್ತಿಕೊಂಡಿದ್ದರೆ ಯಾವ ಕೀಬೋರ್ಡೂ ಅದಕ್ಕೆ ಮದ್ದಲ್ಲ.