ಅಕ್ಕನಿಗೆ ಆರೂಮುಕ್ಕಾಲರ ಬಸ್ಸು, ತಮ್ಮನಿಗೆ ಒಂಬತ್ತರ ಶಾಲೆ

ಪ್ರಶ್ನೆ: ಕೇಳಿರುವವರು ಬೆಂಗಳೂರಿನ ಒಬ್ಬ ತಾಯಿ. ಮಗಳಿಗೆ 14 ವರ್ಷ, ಒಂಬತ್ತನೇ ತರಗತಿ. ಬೆಳಿಗ್ಗೆ 6.45ಕ್ಕೆ ಮುಖ್ಯರಸ್ತೆಯಲ್ಲಿ ಶಾಲೆಯ ಬಸ್ಸು ಹಿಡಿಯಬೇಕು. ಮಗನಿಗೆ 6 ವರ್ಷ, ಒಂದನೇ ತರಗತಿ. ಅವನ ಶಾಲೆ ಶುರುವಾಗುವುದು 9ಕ್ಕೆ. ಗಂಡನಿಗೆ ರಾತ್ರಿ ಪಾಳಿ, ಮನೆ ಸೇರುವಾಗ ಎಂಟು ಗಂಟೆ. ಚಿಕ್ಕವನನ್ನು ಒಬ್ಬನೇ ಬಿಟ್ಟುಹೋಗುವಂತಿಲ್ಲ. ಹಾಗಾಗಿ ಐದೂವರೆಗೆ ಇಬ್ಬರನ್ನೂ ಎಬ್ಬಿಸಿ ಒಂದೇ ಸ್ಕೂಟರಿನಲ್ಲಿ ಕರೆದೊಯ್ಯುತ್ತಾರೆ. ಎರಡು ತಿಂಗಳಿಂದ ಮಗ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುತ್ತಾನೆ, ಭಾನುವಾರ ಮಾತ್ರ ನೋವಿಲ್ಲ. ಮಗಳಿಗೆ ಎರಡನೇ ಪೀರಿಯಡ್ ಹೊತ್ತಿಗೆ ತಲೆನೋವು. ಇಬ್ಬರಿಗೂ ಟಾನಿಕ್ ಕೊಡಬಹುದೇ ಎಂದು ಕೇಳಿದ್ದಾರೆ.

ಉತ್ತರ: ಟಾನಿಕ್ಕಿಗಿಂತ ಮೊದಲು ಈ ಮನೆಯ ಮಕ್ಕಳ ನಿದ್ದೆಯ ಲೆಕ್ಕ ನೋಡಬೇಕು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಐದೂವರೆಗೆ ಏಳುವ ಹುಡುಗ ಒಂಬತ್ತು ಗಂಟೆಯ ನಿದ್ದೆ ಮಾಡಬೇಕಾದರೆ ಎಂಟೂವರೆಗೇ ಮಲಗಿರಬೇಕು. ಅಕ್ಕ ದೀಪ ಹಾಕಿಕೊಂಡು ಹೋಂವರ್ಕ್ ಮಾಡುವ ಕೋಣೆಯಲ್ಲಿ ಅದು ಆಗುವ ಮಾತಲ್ಲ. ಹತ್ತಕ್ಕೆ ಮಲಗಿದರೂ ಅವನಿಗೆ ಸಿಗುವುದು ಏಳೂವರೆ ಗಂಟೆ. ಶಾಲೆ ಒಂಬತ್ತಕ್ಕೆ ಎಂಬ ಅನುಕೂಲ ಅವನ ಪಾಲಿಗೆ ಬರಿದೇ ಹೋಗುತ್ತಿದೆ.

ಅಕ್ಕನ ತೊಂದರೆ ಬೇರೆ. ಹರೆಯ ಶುರುವಾದಾಗ ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ಮೊದಲಿಗಿಂತ ಒಂದೆರಡು ಗಂಟೆ ತಡವಾಗಿ ಸ್ರವಿಸತೊಡಗುತ್ತದೆ. ಒಂಬತ್ತಕ್ಕೇ ದೀಪ ಆರಿಸಿ ಮಲಗಿಸಿದರೂ ಹದಿನಾಲ್ಕರ ಹುಡುಗಿ ಕಣ್ಣು ಬಿಟ್ಟುಕೊಂಡೇ ಇರುವುದು ಇದಕ್ಕೆ. ಮನೆಯವರು ಅದನ್ನು ಹಟ ಅಥವಾ ಸೋಮಾರಿತನ ಎಂದುಕೊಳ್ಳಬಾರದು. ಚಿಕ್ಕ ಮಕ್ಕಳು ಬೇಗ ಮಲಗಿ ಬೇಗ ಏಳುತ್ತಾರೆ, ಹರೆಯದವರು ತಡವಾಗಿ. ನಮ್ಮ ಎಷ್ಟೋ ಶಾಲೆಗಳ ವೇಳಾಪಟ್ಟಿ ಇದಕ್ಕೆ ತದ್ವಿರುದ್ಧ.

ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ಇದನ್ನೇ ತಿರುಗಿಸಿತು. ಹೈಸ್ಕೂಲು 7.50ರಿಂದ 8.45ಕ್ಕೆ ಹೋಯಿತು, ಹೆಚ್ಚಿನ ಪ್ರಾಥಮಿಕ ಶಾಲೆಗಳು ಮೊದಲಿಗೆ ಬಂದವು. ಮಕ್ಕಳ ಕೈಗೆ ಮಾಪಕ ಕಟ್ಟಿ ನೋಡಿದಾಗ ಹೈಸ್ಕೂಲಿನವರ ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಿತ್ತು. ಶಾಲೆ ತಡವಾದರೆ ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ ಎಂಬ ವಾದಕ್ಕೆ ಇದು ಒಳ್ಳೆಯ ಉತ್ತರ. ಹೈಸ್ಕೂಲು 8.30ಕ್ಕಿಂತ ಮೊದಲು ಶುರುವಾಗಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನು 2022ರಿಂದ ಜಾರಿಯಲ್ಲಿದೆ. ಮಹಾರಾಷ್ಟ್ರ 2024ರಲ್ಲಿ ನಾಲ್ಕನೇ ತರಗತಿವರೆಗಿನ ಶಾಲೆಗಳು 9ಕ್ಕಿಂತ ಮುಂಚೆ ಬೇಡ ಎಂದಿತು. ಬೆಂಗಳೂರಿನಲ್ಲಿ 2023ರಲ್ಲಿ ಹೈಕೋರ್ಟ್ ಸೂಚನೆಯ ಮೇಲೆ ಶಾಲಾ ಸಮಯದ ಚರ್ಚೆ ನಡೆದದ್ದು ಸಂಚಾರ ದಟ್ಟಣೆಯ ಕಾರಣಕ್ಕೆ. ಮಕ್ಕಳ ನಿದ್ದೆಯ ಕಾರಣಕ್ಕೂ ಅದು ನಡೆಯಲೇಬೇಕು.

ಅಲ್ಲಿಯವರೆಗೆ ಈ ಮನೆ ಮೊದಲು ಬಿಡಬೇಕಾದದ್ದು ಆ ಸ್ಕೂಟರ್ ಸವಾರಿಯನ್ನು. ಮುಂದೆ ನಿಂತ ಹುಡುಗ ಹ್ಯಾಂಡಲ್ ಮೇಲೆ ಕೈಯಿಟ್ಟು ತೂಕಡಿಸುತ್ತಾನೆ. ಹಂಪು ಬಂದಾಗ ತಲೆ ಎತ್ತುತ್ತಾನೆ, ಮತ್ತೆ ವಾಲುತ್ತಾನೆ. ಬ್ರೇಕ್ ಹಾಕಿದರೆ ಅವನ ಬಾಯಿ, ಎದೆ ನೇರ ಹ್ಯಾಂಡಲ್‌ಗೆ ಬಡಿಯುತ್ತವೆ. ದ್ವಿಚಕ್ರ ವಾಹನದಲ್ಲಿ ಚಾಲಕರನ್ನು ಬಿಟ್ಟು ಒಬ್ಬರಿಗೆ ಮಾತ್ರ ಅವಕಾಶ, ನಾಲ್ಕು ವರ್ಷ ದಾಟಿದವರಿಗೆ ಹೆಲ್ಮೆಟ್ ಕಡ್ಡಾಯ ಎಂದು ಕಾನೂನು ಹೇಳುವುದು ಸುಮ್ಮನೆ ಅಲ್ಲ.

ಹಾಗಾದರೆ ಏನು ಮಾಡುವುದು? ಅದೇ ಬಸ್ಸಿಗೆ ಹೋಗುವ ಮಕ್ಕಳು ಅದೇ ಬೀದಿಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ಎರಡು ಮೂರು ಮನೆಯವರು ಸರದಿ ಹಾಕಿಕೊಂಡರೆ ಒಬ್ಬ ದೊಡ್ಡವರು ಎಲ್ಲರನ್ನೂ ನಡೆಸಿಕೊಂಡು ಹೋಗಬಹುದು. ಈ ತಾಯಿಯ ಸರದಿ ಬಂದ ದಿನ ಮಹಡಿ ಮನೆಯ ಅಜ್ಜಿಯೋ ಪಕ್ಕದ ಮನೆಯ ಆಂಟಿಯೋ ಇಪ್ಪತ್ತು ನಿಮಿಷ ಬಂದು ಕೂತರೆ ಸಾಕು, ಹುಡುಗ ಮಲಗಿಯೇ ಇರುತ್ತಾನೆ. ಕೇಳಲು ಸಂಕೋಚವಾಗುವುದು ಸಹಜ, ಆದರೂ ಕೇಳಬೇಕು. ಏಳಕ್ಕೆ ಎದ್ದರೂ ಅವನಿಗೆ ಸಾಕಷ್ಟು ಸಮಯವಿದೆ, ರಾತ್ರಿ ಒಂಬತ್ತೂವರೆಗೆ ಮಲಗಿದರೂ ಒಂಬತ್ತೂವರೆ ಗಂಟೆ ನಿದ್ದೆಯಾಗುತ್ತದೆ. ಅಕ್ಕನ ಓದು ಆ ಹೊತ್ತಿಗೆ ನಡುಮನೆಗೆ ಬರಲಿ.

ಇನ್ನು ಅವನ ಹೊಟ್ಟೆನೋವು. ಅದು ನಾಟಕ ಎಂದು ಗದರಬಾರದು. ಇಂಥ ಮಕ್ಕಳಲ್ಲಿ ವೈದ್ಯರು ಮೊದಲು ಕೇಳುವುದು ಕಕ್ಕಸಿಗೆ ಸರಿಯಾಗಿ ಹೋಗುತ್ತಾನೆಯೇ ಎಂದು. ಬೆಳಗಿನ ಗಡಿಬಿಡಿಯಲ್ಲಿ ಕೂರಲು ಬಿಡುವಿಲ್ಲ, ಶಾಲೆಯ ಶೌಚಾಲಯಕ್ಕೆ ಹೋಗಲು ಮನಸ್ಸಿಲ್ಲ. ಮಲ ಕಟ್ಟಿಕೊಂಡು ಹೊಕ್ಕುಳ ಸುತ್ತ ನೋವು ಬರುತ್ತದೆ. ತಿಂಡಿ ಹೊಟ್ಟೆಗೆ ಬಿದ್ದ ಮೇಲೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಏಳೂವರೆಗೆ ಇಡ್ಲಿಯೋ ಉಪ್ಪಿಟ್ಟೋ ತಿನ್ನಿಸಿ, ಆಮೇಲೆ ಹತ್ತು ನಿಮಿಷ, ಕಾಲಡಿಗೆ ಒಂದು ಮಣೆ ಇಟ್ಟು, ಮೊಬೈಲ್ ಇಲ್ಲದೆ ಕೂರಿಸಬೇಕು. ನೀರು, ಹಣ್ಣು, ಸೊಪ್ಪು ಜೊತೆಗಿರಲಿ. ಎರಡು ವಾರದಲ್ಲಿ ಎಷ್ಟೋ ಮಕ್ಕಳ ನೋವು ಹೋಗಿರುತ್ತದೆ. ಹೋಗದಿದ್ದರೆ, ಅಥವಾ ಶಾಲೆಯಲ್ಲಿ ಯಾರಾದರೂ ಹೆದರಿಸುತ್ತಿರುವ ಅನುಮಾನವಿದ್ದರೆ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಕೇಳಬೇಕು.

ಮಗಳು ಆರು ಗಂಟೆಗೆ ತಿಂಡಿ ಸೇರುವುದಿಲ್ಲ ಎಂದರೆ ಅದೂ ನಿಜವೇ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಕೊಟ್ಟು, ಮೊದಲ ಬಿಡುವಿಗೆ ಚಪಾತಿ ಪಲ್ಯ ಸುತ್ತಿ ಡಬ್ಬಿಗೆ ಹಾಕಬಹುದು. ಬರಿಹೊಟ್ಟೆ, ಅರೆನಿದ್ದೆ ಎರಡೂ ಸೇರಿದರೆ ತಲೆನೋವು ಬರದೆ ಇರುವುದೇ ಅಪರೂಪ. ಸಂಜೆಯ ಕಾಫಿ ನಿಲ್ಲಲಿ, ರಾತ್ರಿ ಫೋನು ನಡುಮನೆಯಲ್ಲೇ ಚಾರ್ಜಿಗೆ ಇರಲಿ. ಶಾಲೆಯಿಂದ ಬಂದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಮಲಗಿದರೆ ಬೈಯುವುದು ಬೇಡ. ಭಾನುವಾರ ಒಂದು ಗಂಟೆ ಹೆಚ್ಚು ಮಲಗಲಿ. ಮಧ್ಯಾಹ್ನದವರೆಗೆ ಮಲಗಿದರೆ ಮಾತ್ರ ಸೋಮವಾರ ಏಳುವುದು ಇನ್ನೂ ಕಷ್ಟ. ಟ್ಯೂಷನ್ ಮುಗಿಯುವಾಗ ರಾತ್ರಿ ಎಂಟೂವರೆಯಾದರೆ ಆ ಬ್ಯಾಚು ಬದಲಿಸುವುದು ಯಾವ ಟಾನಿಕ್ಕಿಗಿಂತಲೂ ಮೇಲು.

ಅವಳ ರಕ್ತಪರೀಕ್ಷೆ ಮಾತ್ರ ಒಮ್ಮೆ ಮಾಡಿಸಲೇಬೇಕು. ಮುಟ್ಟು ಶುರುವಾದ ಹುಡುಗಿಯರಲ್ಲಿ ರಕ್ತಹೀನತೆ ಸಾಮಾನ್ಯ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆಯನ್ನು ವೈದ್ಯರೇ ಬರೆಯುತ್ತಾರೆ. ಅದನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಬಾರದು. ಕಣ್ಣಿನ ಪರೀಕ್ಷೆಯೂ ಆಗಲಿ, ಬೋರ್ಡ್ ಮಸುಕಾಗಿ ಕಂಡರೂ ತಲೆ ನೋಯುತ್ತದೆ.

ಏಳುತ್ತಲೇ ತಲೆನೋವು, ಜೊತೆಗೆ ವಾಂತಿ, ಎರಡೆರಡಾಗಿ ಕಾಣುವುದು. ಹುಡುಗ ನೋವಿಗೆ ನಡುರಾತ್ರಿ ಎಚ್ಚರಗೊಳ್ಳುವುದು, ತೂಕ ಇಳಿಯುವುದು, ಮಲದಲ್ಲಿ ರಕ್ತ. ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹತ್ತು ಗಂಟೆ ಮಲಗಿಯೂ ತೂಕಡಿಸುವ, ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿಗೆ ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಊದಿಕೊಂಡಿರಬಹುದು. ಅಂಥವರನ್ನು ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಬೇಕು. ಹೋಗುವಾಗ ಗೊರಕೆಯ ಒಂದು ನಿಮಿಷದ ವಿಡಿಯೊ ಮಾಡಿಕೊಂಡು ಹೋದರೆ ವೈದ್ಯರಿಗೆ ಅನುಕೂಲ.