ಕಾಸು ಕೇಳುವ ಕಸ

ನಿಮ್ಮ ಅಡ್ಡರಸ್ತೆಯ ಕಾರ್ಖಾನೆಯವರೆಲ್ಲ ಸೇರಿ, ಕಸದ ಕೆಲಸ ನಾವೇ ನೋಡ್ಕೊಳ್ಳೋಣ ಅಂತ ತೀರ್ಮಾನ ಮಾಡಿದಿರಂತೆ. ಉಸ್ತುವಾರಿ ನಿನ್ನ ಹೆಗಲಿಗೇ ಬಂತಂತೆ. ಒಳ್ಳೇದಾಯ್ತು ಬಿಡಮ್ಮ. ಪೀಣ್ಯದಲ್ಲಿ ಕರೆಂಟು, ರಸ್ತೆ ಗುಂಡಿ, ಜಿಎಸ್‌ಟಿ ಅಂದರೆ ಮೈಕ್ ಹಿಡಿಯೋಕೆ ಜನ ಸಾಲುಗಟ್ಟಿ ನಿಲ್ತಾರೆ. ಕಸ ಅಂದ ಕೂಡಲೇ ಎಲ್ಲರಿಗೂ ಡಿಸ್‌ಪ್ಯಾಚ್ ನೆನಪಾಗುತ್ತೆ. ಅಂಥದ್ದರಲ್ಲಿ ನೀನು ಹೂಂ ಅಂದಿದ್ದೀಯ. ನಿಮ್ಮಪ್ಪನ ಪಕ್ಕದ ಶೆಡ್ಡಿನಲ್ಲಿ ಲೇತ್ ನಡೆಸಿದ ಸಲಿಗೆಯಿಂದ ನಾಲ್ಕು ಮಾತು ಹೇಳ್ತೀನಿ. ಬೇಕಾದ್ದು ಇಟ್ಕೋ, ಬೇಡದ್ದು ಬಿಡು.

ಮೊದಲು ದುಡ್ಡಿನ ಮಾತು. ಸಭೆಯಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ: “ರಟ್ಟು, ಕಬ್ಬಿಣ, ಪ್ಲಾಸ್ಟಿಕ್ ಮಾರಿದರೆ ಗಾಡಿ ಬಾಡಿಗೆ, ಕೂಲಿ ಎಲ್ಲ ಗಿಟ್ಟುತ್ತೆ. ಯಾರೂ ಕೈಯಿಂದ ಹಾಕೋದು ಬೇಡ.” ಕೇಳೋಕೆ ಚೆನ್ನಾಗೇ ಇರುತ್ತೆ. ಆದರೆ ನಿನ್ನ ಶೆಡ್ಡನ್ನೇ ನೋಡು. ಟರ್ನಿಂಗ್ಸ್, ಶೀಟ್ ಚೂರು, ಹಿತ್ತಾಳೆ, ರಟ್ಟಿನ ಪೆಟ್ಟಿಗೆ ಇವನ್ನೆಲ್ಲ ನೀನು ಎಲ್ಲರ ಗಾಡಿಗೆ ಹಾಕ್ತೀಯಾ? ಹಾಕೋದಿಲ್ಲ. ಗುಜರಿಯವನು ಬಂದು ತೂಕ ಮಾಡಿ ದುಡ್ಡು ಎಣಿಸಿ ಒಯ್ತಾನೆ. ಪಕ್ಕದ ಗಾರ್ಮೆಂಟ್ಸ್‌ನ ಕಟಿಂಗ್ ವೇಸ್ಟಿಗೂ ಗಿರಾಕಿ ಇದ್ದಾನೆ. ಕಾಸು ಕೊಡೋ ಕಸ ಗೇಟಿನೊಳಗೇ ಮಾರಿಹೋಗಿರುತ್ತೆ. ನಿಮ್ಮ ಗಾಡಿಗೆ ಬರೋದು ಕಾಸು ಕೇಳೋ ಕಸ: ಕ್ಯಾಂಟೀನಿನ ಅನ್ನ ಸಾರು, ಪೇಪರ್ ಲೋಟ, ಥರ್ಮೋಕೋಲ್, ಗುಟ್ಕಾ ಪೊಟ್ಟಣ, ಗುಡಿಸಿದ ಧೂಳು. ಹಾಗಾಗಿ ಇದು ಶುಲ್ಕದ ಮೇಲೆ ನಡೆಯೋ ಕೆಲಸ, ಗುಜರಿ ಮಾರಾಟದ ಮೇಲಲ್ಲ. ಇದನ್ನ ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿಬಿಡು. ಆಮೇಲೆ ಹೇಳಿದರೆ ನಿನ್ನ ಮೇಲೇ ಅನುಮಾನ ಬರುತ್ತೆ.

ಎಲ್ಲರಿಗೂ ಒಂದೇ ಶುಲ್ಕ ಅಂತ ಮಾತ್ರ ಮಾಡಬೇಡ. ಐದು ಜನ ಕೆಲಸ ಮಾಡೋ ಶೆಡ್ಡಿನವನೂ ಮುನ್ನೂರು ಹೆಣ್ಣುಮಕ್ಕಳಿಗೆ ಊಟ ಹಾಕೋ ಗಾರ್ಮೆಂಟ್ಸ್‌ನವನೂ ಒಂದೇ ಮೊತ್ತ ಕಟ್ಟೋದು ಯಾವ ನ್ಯಾಯ? ತೂಕದ ಮೇಲೆ ಹಾಕು. ಗಾಡಿಯಲ್ಲೇ ತಕ್ಕಡಿ ಇರಲಿ, ಗೇಟಿನಲ್ಲೇ ಚೀಟಿ ಹರಿದು ಕೊಡಲಿ. ಬೇರೆ ಮಾಡಿ ಕೊಟ್ಟ ಕಸಕ್ಕೆ ಒಂದು ದರ, ಬೆರೆಸಿ ಕೊಟ್ಟದ್ದಕ್ಕೆ ಅದರ ಎರಡರಷ್ಟು. ಭಾಷಣಕ್ಕಿಂತ ಆ ಚೀಟಿ ಬೇಗ ಬುದ್ಧಿ ಹೇಳುತ್ತೆ.

“ಪಾಲಿಕೆಗೆ ತೆರಿಗೆ ಕಟ್ತೀವಲ್ಲ, ಮತ್ತೆ ಇದ್ಯಾಕೆ?” ಅಂತ ಕೇಳೋರು ಬಂದೇ ಬರ್ತಾರೆ. ಅವರ ಮಾತಿನಲ್ಲೂ ಹುರುಳಿದೆ, ಸಿಟ್ಟಾಗಬೇಡ. ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಮಾಡೋರನ್ನ 2016ರ ಘನತ್ಯಾಜ್ಯ ನಿಯಮಗಳು ಬೇರೆಯಾಗೇ ಗುರುತಿಸಿ, ಅವರ ಮೇಲೆ ಹೆಚ್ಚಿನ ಹೊಣೆ ಹೊರಿಸಿದವು ಅನ್ನೋದನ್ನ ಸಮಾಧಾನವಾಗಿ ಹೇಳು. ಇನ್ನೊಂದೂ ಹೇಳು. ಬೆಂಗಳೂರಿನ ಕಸ ಸುರಿಯೋದನ್ನ ಮಾವಳ್ಳಿಪುರದವರು 2012ರಲ್ಲಿ ತಡೆದು ನಿಲ್ಲಿಸಿದರು, ಮಂಡೂರಿನಲ್ಲಿ ಅದು 2014ರಲ್ಲಿ ನಿಂತಿತು. ಆ ಊರುಗಳ ನೀರು ಕೆಡಿಸಿದ ರಾಶಿಯಲ್ಲಿ ಬೆಂಗಳೂರಿನ ಎಲ್ಲರ ಪಾಲೂ ಇತ್ತು. ತೆರಿಗೆ ಕಟ್ಟಿದ್ದೀವಿ ಅಂದರೆ ಇನ್ನೊಬ್ಬರ ಬಾವಿ ಕೆಡಿಸೋ ಹಕ್ಕು ಬಂದ ಹಾಗಲ್ಲ.

ಎರಡನೇದು, ಎಲ್ಲ ಕಸವನ್ನೂ ತಲೆ ಮೇಲೆ ಹೊತ್ತುಕೊಳ್ಳಬೇಡ. ಪ್ಲೇಟಿಂಗ್ ಟ್ಯಾಂಕಿನ ಸ್ಲಡ್ಜ್, ಹಳೇ ಎಣ್ಣೆ, ಎಣ್ಣೆ ಒರೆಸಿದ ಬನಿಯನ್ ವೇಸ್ಟ್, ಕೆಮಿಕಲ್ ಬಂದಿದ್ದ ಖಾಲಿ ಡಬ್ಬ ಇವೆಲ್ಲ ಕಾನೂನಿನ ಕಣ್ಣಲ್ಲಿ ಅಪಾಯಕಾರಿ ತ್ಯಾಜ್ಯ. ಇದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇರೆ, ಸಾಗಿಸೋ ಗಾಡಿ ಬೇರೆ, ಮ್ಯಾನಿಫೆಸ್ಟ್ ಕಾಗದ ಬೇರೆ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಶೆಡ್ಡಿನಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಹೂಳಬೇಕಾದದ್ದು ದಾಬಸ್‌ಪೇಟೆಯಲ್ಲಿ ಅದಕ್ಕೆಂದೇ ಕಟ್ಟಿದ ಗುಂಡಿಗೆ ಹೋಗುತ್ತೆ. ಆ ಹೊಣೆ ಹುಟ್ಟಿಸಿದವನದೇ. ಸ್ನೇಹಕ್ಕೆ ಕಟ್ಟುಬಿದ್ದು ಒಬ್ಬರ ಒಂದು ಚೀಲ ಸ್ಲಡ್ಜ್ ನಿಮ್ಮ ಗಾಡಿಗೆ ಹತ್ತಿಸಿದೆಯೋ, ಅವತ್ತಿನಿಂದ ಆ ತಪ್ಪಿಗೆ ನೀವೂ ಭಾಗಿಗಳು. ನೀವೆಲ್ಲ ಸೇರಿ ಮಾಡಬಹುದಾದ್ದು ಒಂದಿದೆ. ಸಣ್ಣ ಶೆಡ್ಡಿನವರಿಗೆ ಅನುಮತಿಯ ಅರ್ಜಿ ತುಂಬಿಸೋದು, ಅಧಿಕೃತ ಸಾಗಣೆಯವರ ಹತ್ತಿರ ಎಲ್ಲರ ಪರವಾಗಿ ದರ ಮಾತಾಡೋದು. ಅಷ್ಟಕ್ಕೆ ನಿಲ್ಲು.

ಹಸಿ ಕಸದ ಮಾತು. ಪಾಲಿಕೆಯ ಗಾಡಿ ಬರೋದು ಬೆಳಗ್ಗೆ, ಕಾರ್ಖಾನೆಯ ಅನ್ನ ಮಿಗೋದು ಮಧ್ಯಾಹ್ನ. ಮರುದಿನದವರೆಗೆ ಡ್ರಮ್ಮಿನಲ್ಲಿ ಕೊಳೆತು ನಾರಿದ ಮೇಲೆ ಅದನ್ನ ರಾತ್ರಿ ಖಾಲಿ ಸೈಟಿಗೆ ಎಸೆಯೋ ಮನಸ್ಸು ಯಾರಿಗಾದರೂ ಬರುತ್ತೆ. ನಿಮ್ಮ ಗಾಡಿ ಊಟದ ಹೊತ್ತು ಮುಗಿದು, ಪಾತ್ರೆ ತೊಳೆಯೋ ವೇಳೆಗೆ ಗೇಟಿನಲ್ಲಿರಲಿ. ಸಮಯ ಒಂದು ಸರಿಹೋದರೆ ಅರ್ಧ ಜಗಳ ಮುಗೀತು. ಗೇಟಿನಾಚೆ ತಳ್ಳುಗಾಡಿಯಲ್ಲಿ ಇಡ್ಲಿ, ಚಿತ್ರಾನ್ನ, ಟೀ ಮಾರೋರನ್ನೂ ಲೆಕ್ಕಕ್ಕೆ ಸೇರಿಸ್ಕೋ. ಅವರು ನಿಮ್ಮ ಸದಸ್ಯರಲ್ಲ, ಆದರೆ ಅವರಲ್ಲಿ ತಿನ್ನೋರು ನಿಮ್ಮ ಕೆಲಸಗಾರರೇ. ಅವರಿಗೆ ಶುಲ್ಕ ಬೇಡ, ಒಂದೊಂದು ಡಬ್ಬ ಕೊಡು. ಟೀಗೆ ಸ್ಟೀಲ್ ಲೋಟ ಇಡಿಸು. ಪೇಪರ್ ಲೋಟದ ಒಳಮೈಗೆ ಪ್ಲಾಸ್ಟಿಕ್ ಪದರ ಇರುತ್ತೆ; ಗೊಬ್ಬರಕ್ಕೂ ಆಗಲ್ಲ, ಗುಜರಿಗೂ ಬೇಡ.

ಒಂದೇ ದಿನದಲ್ಲಿ ಗೊಬ್ಬರ ಅಂತ ಯಂತ್ರ ಮಾರೋರು ನಿನ್ನ ಹುಡುಕಿಕೊಂಡು ಬರ್ತಾರೆ. ಅವಸರಪಡಬೇಡ. ಕಾಯಿಸಿ ಒಣಗಿಸಿ ಪುಡಿ ಮಾಡಿದ್ದೆಲ್ಲ ಗೊಬ್ಬರ ಅಲ್ಲ; ನೀರು ಬಿದ್ದರೆ ಅದು ಮತ್ತೆ ಕೊಳೆಯೋಕೆ ಶುರುಮಾಡುತ್ತೆ, ಕರೆಂಟ್ ಬಿಲ್ ಬೇರೆ. ಗಾಳಿಯಾಡೋ ತೊಟ್ಟಿ ಕಟ್ಟಿಸು. ಒಂದು ಪದರ ಹಸಿ ಕಸ, ಮೇಲೊಂದು ಪದರ ರಸ್ತೆ ಬದಿ ಮರಗಳ ಒಣ ಎಲೆ. ಇವತ್ತು ಆ ಎಲೆಯನ್ನ ಗುಡಿಸಿ ಸುಡ್ತಿದ್ದಾರೆ, ಅದೂ ನಿಲ್ಲುತ್ತೆ. ಒಳಗಿನ ಕಾವು 55 ಡಿಗ್ರಿ ದಾಟಬೇಕು, ವಾರಕ್ಕೊಮ್ಮೆ ತಿರುವಿ ಹಾಕಬೇಕು, ಹಿಂಡಿದರೆ ಕೈ ಒದ್ದೆಯಾಗಬೇಕೇ ಹೊರತು ನೀರು ಸುರಿಯಬಾರದು. ಪ್ಲೈವುಡ್ಡಿನ ಹೊಟ್ಟು ಮಾತ್ರ ಹಾಕಿಸಬೇಡ, ಅದರಲ್ಲಿ ಅಂಟು ಇರುತ್ತೆ. ಗೊಬ್ಬರ ರೈತರಿಗೆ ಕೊಡೋ ಮೊದಲು ಲ್ಯಾಬಿಗೆ ಕಳಿಸು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರದ ಕಾಂಪೋಸ್ಟಿನಲ್ಲಿ ಕಿಲೋಗೆ ಕ್ರೋಮಿಯಂ 50 ಮಿಲಿಗ್ರಾಂ, ನಿಕಲ್ 50, ಸೀಸ 100 ಮೀರಬಾರದು. ಪ್ಲೇಟಿಂಗ್ ಶೆಡ್ಡುಗಳ ನಡುವೆ ಗೊಬ್ಬರ ಮಾಡೋರು ಈ ಪರೀಕ್ಷೆ ತಪ್ಪಿಸಬಾರದು. ನಮ್ಮ ವಿಷ ರಾಗಿ ಹೊಲಕ್ಕೆ ಹೋಗಬಾರದು.

ಜಾಗ ಎಲ್ಲಿ ಅಂತೀಯಾ? ಕೈಗಾರಿಕಾ ಪ್ರದೇಶ ಮಾಡೋರು ಒಟ್ಟು ಜಾಗದಲ್ಲಿ ಕನಿಷ್ಠ ಶೇಕಡಾ 5, ಇಲ್ಲವೇ ಕನಿಷ್ಠ 5 ನಿವೇಶನ ಅಥವಾ ಶೆಡ್ಡು ಕಸದ ಮರುಬಳಕೆಗೆ ಮೀಸಲಿಡಬೇಕು ಅಂತ 2016ರ ನಿಯಮಗಳಲ್ಲೇ ಬರೆದಿದ್ದರು. ಪೀಣ್ಯ ಅದಕ್ಕಿಂತ ಹಳೇದು ನಿಜ. ಆದರೂ ಆ ಸಾಲು ಹಿಡಿದುಕೊಂಡು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅದೇ ಕೆಐಎಡಿಬಿ, ಬಾಗಿಲು ತಟ್ಟು. ಬರೀ ಬೇಡಿಕೆಗಿಂತ ನಿಯಮ ತೋರಿಸಿದ ಬೇಡಿಕೆಗೆ ಕುರ್ಚಿ ಬೇಗ ಸಿಗುತ್ತೆ.

ಇನ್ನು ಜನ. ಗುಜರಿಯವನನ್ನೂ ಚಿಂದಿ ಆಯುವವರನ್ನೂ ಓಡಿಸಿ ಈ ಕೆಲಸ ಮಾಡ್ತೀನಿ ಅಂದುಕೊಂಡರೆ ಸೋಲ್ತೀಯ. ಯಾವ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತೆ, ಯಾವುದಕ್ಕೆ ಏನು ರೇಟು ಅಂತ ಅವರಷ್ಟು ಬಲ್ಲವರು ನಮ್ಮಲ್ಲಿಲ್ಲ. ಇದೇ ಬೆಂಗಳೂರಿನಲ್ಲಿ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿದೆ. ಒಣ ಕಸ ಸಂಗ್ರಹ ಕೇಂದ್ರಗಳನ್ನ ಅವರೇ ನಡೆಸಿ ತೋರಿಸಿದ್ದಾರೆ. ನಿಮ್ಮ ಒಣ ಕಸ ಬೇರ್ಪಡಿಸೋ ಕೆಲಸ ಅವರಿಗೇ ಕೊಡು. ಅದರಿಂದ ಬರೋ ಪುಡಿಗಾಸೂ ಅವರಿಗೇ ಇರಲಿ, ಆಸೆಪಡಬೇಡ. ಆದರೆ ದಾನದ ಹಾಗಲ್ಲ, ಕೆಲಸದ ಹಾಗೆ ಕೊಡು: ಸಂಬಳ, ಇಎಸ್‌ಐ, ಪಿಎಫ್, ಟೆಟನಸ್ ಚುಚ್ಚುಮದ್ದು, ಕೆಲಸ ಮುಗಿಸಿ ಕೈಕಾಲು ತೊಳೆಯೋಕೆ ನೀರು. ಗುಡಿಸಿದ ಧೂಳಿನ ಜೊತೆ ಬರೋ ಟರ್ನಿಂಗ್ಸ್ ಚೂರು ತೆಳು ರಬ್ಬರ್ ಗ್ಲೌಸನ್ನ ಸೀಳಿಹಾಕುತ್ತೆ. ನಿನ್ನ ಶೀಟ್ ಹಿಡಿಯೋ ಹುಡುಗನಿಗೆ ಕೊಡೋ ಗ್ಲೌಸನ್ನೇ ಅವರಿಗೂ ಕೊಡು.

ಕೊನೇದಾಗಿ, ಈಗಲೇ ಗಾಡಿ ಖರೀದಿಗೆ ಹೋಗಬೇಡ. ಮೊದಲ ತಿಂಗಳು ಬಾಡಿಗೆ ಆಟೋ, ಸ್ವಂತ ತಕ್ಕಡಿ. ಯಾವ ಗೇಟಿನಿಂದ ಏನು ಎಷ್ಟು ಬಂತು, ಎಷ್ಟು ಗೊಬ್ಬರಕ್ಕೆ ಹೋಯ್ತು, ಎಷ್ಟು ಯಾರ ಕೈಗೂ ಬೇಡವಾಗಿ ಉಳೀತು, ಖರ್ಚೆಷ್ಟು, ಎಲ್ಲ ಬರೆದು ಅಡ್ಡರಸ್ತೆಯ ಬೋರ್ಡಿಗೆ ಅಂಟಿಸು. ನಿನ್ನ ಶೆಡ್ಡಿನ ಲೆಕ್ಕ ಮೊದಲ ಸಾಲಿನಲ್ಲಿರಲಿ. ಆಮೇಲೆ ಶುಲ್ಕ ಕೇಳು. ಪೀಣ್ಯದವರು ಜಿಪುಣರೇ ಇರಬಹುದು, ಆದರೆ ತೂಕದ ಚೀಟಿ ಓದೋಕೆ ಬಾರದವರು ಇಲ್ಲಿ ಯಾರೂ ಇಲ್ಲ.